ಕಿಲ್ಲೇದಾರನ ಸಾವಿಗೆ ಕಾಕುವಿನ ಒಪ್ಪಿಗೆ

ನಮ್ಮ ತಂಡದ ಗಂಡಸರಿಗೆ ಕೊಲ್ಲಲು ಬರುತ್ತದೆ, ಸಾಯಲು ಬರುವುದಿಲ್ಲ. ವಾರವಿಡೀ ಹೈದರಾಬಾದಿನ ಆಫೀಸುಗಳಲ್ಲಿ ಕೀಬೋರ್ಡ್ ಕುಟ್ಟಿ, ಭಾನುವಾರ ಬೆಳಿಗ್ಗೆ ಪೇಟ ಸುತ್ತಿ ಕತ್ತಿ ಹಿಡಿದು ಹಳೆಯ ಕಾಲದ ದಖ್ಖನಿ ಸೈನಿಕರಾಗುವವರು ಇವರು. ಕೋಟೆಯೊಂದರ ಮುತ್ತಿಗೆಯನ್ನು ಬಯಲಿನಲ್ಲಿ ಆಡಿ ತೋರಿಸುತ್ತಾರೆ. ಹೆಚ್ಚಿನವರು ಕಲಬುರಗಿ, ಬೀದರ, ರಾಯಚೂರು ಕಡೆಯವರು, ಉಳಿದವರು ಇಲ್ಲಿಯವರೇ. ನಾನು ಕತ್ತಿ ಮುಟ್ಟುವುದಿಲ್ಲ. ಮೈದಾನ ಗೊತ್ತು ಮಾಡುವುದು, ಪೊಲೀಸರ ಅನುಮತಿ ತರುವುದು, ಶಾಮಿಯಾನ, ನೀರಿನ ಕ್ಯಾನು, ಎರಡೂ ಸೈನ್ಯಗಳಿಗೆ ಉಪ್ಪಿಟ್ಟು, ಇಷ್ಟು ನನ್ನ ಪಾಲಿನ ಯುದ್ಧ.

ಮೊದಲ ಸಲ ಅನುಮತಿ ಕೇಳಲು ಹೋದಾಗ ಠಾಣೆಯ ಸಾಹೇಬರು ಯಾವ ರಾಜ, ಯಾರ ಮೇಲೆ, ಗೆದ್ದವರು ಯಾರು, ಸೋತವರ ಕಡೆಯವರು ಈಗ ಯಾರಾದರೂ ಊರಲ್ಲಿ ಇದ್ದಾರೆಯೇ ಎಂದು ವಿಚಾರಿಸಿದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತು ರಾಜರ ಹೆಸರನ್ನೆಲ್ಲ ತೆಗೆದುಬಿಟ್ಟೆ. ಅಂದಿನಿಂದ ನಮ್ಮ ಕೋಟೆಗೂ ಹೆಸರಿಲ್ಲ. ಒಳಗಿರುವವರು ಈ ಕಡೆಯವರು, ಹೊರಗಿರುವವರು ಆ ಕಡೆಯವರು. ತಂಡದಲ್ಲಿ ಇತಿಹಾಸ ಓದಿಕೊಂಡಿರುವ ಬ್ಯಾಂಕ್ ಅಧಿಕಾರಿಯೊಬ್ಬರು ಇದಕ್ಕಾಗಿ ನನ್ನನ್ನು ಇವತ್ತಿಗೂ ಕ್ಷಮಿಸಿಲ್ಲ.

ಕತ್ತಿಗಳನ್ನು ಸನತ್‌ನಗರದ ಒಂದು ಶೆಡ್ಡಿನಲ್ಲಿ ಅಲ್ಯುಮಿನಿಯಂ ಪಟ್ಟಿಯಿಂದ ಮಾಡಿಸಿದ್ದೇವೆ. ಕಬ್ಬಿಣದ ಬಳೆಗಳ ಕವಚ ನಮ್ಮ ಕೈಗೆಟುಕುವ ಮಾತಲ್ಲ. ಹಾಗಾಗಿ ಬೂದು ಉಣ್ಣೆಯಲ್ಲಿ ಹೆಣೆಸಿ ಮೇಲೆ ಬೆಳ್ಳಿಬಣ್ಣ ಬಳಿದೆವು. ದೂರದಿಂದ ಅದು ಕವಚ, ಹತ್ತಿರದಿಂದ ಸ್ವೆಟರ್. ಅದನ್ನು ತೊಟ್ಟು ಹೈದರಾಬಾದಿನ ಬಿಸಿಲಲ್ಲಿ ಸತ್ತು ಬಿದ್ದಿರುವುದು ಯಾರಿಗೆ ಬೇಕು? ಮೈದಾನದ ಮೂಲೆಯಲ್ಲಿ ಬೇವಿನ ಮರವೊಂದಿದ್ದರೆ ಮುಗಿಯಿತು. ಎಲ್ಲರೂ ಕಾದಾಡುತ್ತ ಕಾದಾಡುತ್ತ ಅದರ ಬುಡಕ್ಕೇ ಸರಿಯುತ್ತಾರೆ, ನೆರಳಿಗೆ ಕಾಲಿಟ್ಟ ತಕ್ಷಣ ಎದೆ ಹಿಡಿದುಕೊಂಡು ಕುಸಿಯುತ್ತಾರೆ. ಒಮ್ಮೆ ಶತ್ರುಗಳಿಬ್ಬರು ಒಂದೇ ನೆರಳಿಗಾಗಿ ಜಗಳವಾಡಿದ್ದನ್ನು ಪ್ರೇಕ್ಷಕರು ಯುದ್ಧವೆಂದೇ ತಿಳಿದು ಚಪ್ಪಾಳೆ ತಟ್ಟಿದರು. ಹಲಗೆ ಹೊಡೆದು ನಿಲ್ಲಿಸಿದ ಕೋಟೆಯ ಬಾಗಿಲ ಮುಂದೆ ಮಾತ್ರ ಬಿಸಿಲು ಹೊಡೆಯುವ ಖಾಲಿ ಬಯಲು.

ಆ ಬಯಲಿನ ಮಾನ ಕಾಯುತ್ತಿದ್ದವರು ನಾವೆಲ್ಲ ಕಾಕಾ ಎನ್ನುವ ಹಿರಿಯರೊಬ್ಬರೇ. ರೈಲ್ವೆಯಲ್ಲಿ ಗೂಡ್ಸ್ ಗಾರ್ಡ್ ಆಗಿ ನಿವೃತ್ತರಾಗಿ ಮಲ್ಕಾಜ್‌ಗಿರಿಯಲ್ಲಿ ಮನೆ ಮಾಡಿಕೊಂಡವರು. ನಮ್ಮ ಆಟದಲ್ಲಿ ಕೋಟೆ ಕಾಯುವ ಕಿಲ್ಲೇದಾರ. ನಡುಬಯಲಿನಲ್ಲಿ, ಬಿಸಿಲಿನಲ್ಲಿ, ಬಾಗಿಲಿಗೆ ನೇರವಾಗಿ ಬಿದ್ದರೆ ಆಟ ಮುಗಿಯುವವರೆಗೆ ಅಲುಗಾಡುತ್ತಿರಲಿಲ್ಲ. ಮುಖದ ಮೇಲೆ ಇರುವೆ ಹರಿದರೂ ಸರಿ, ನಾಯಿ ಬಂದು ಮೂಸಿದರೂ ಸರಿ. ಅಷ್ಟು ಚೆಂದವಾಗಿ ಸಾಯುವ ಮತ್ತೊಬ್ಬರನ್ನು ನಾನು ಕಂಡಿಲ್ಲ.

ಹೋದ ವರ್ಷ ಅವರಿಗೆ ನಿಜವಾಗಿ ಹೃದಯಾಘಾತವಾಯಿತು. ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದರು. ನಡೆದಾಡಿ, ಓಡಬೇಡಿ, ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರಂತೆ. ಬೀಳುವುದರ ಬಗ್ಗೆ ಏನೂ ಹೇಳಿಲ್ಲ ಎಂಬುದು ಕಾಕಾರ ವಾದ. ಬೇಗಂಪೇಟೆಯ ಶಾಲೆಯೊಂದರ ಮೈದಾನದಲ್ಲಿ ನಮ್ಮ ಆಟ ಗೊತ್ತಾದಾಗ, ಹೆಂಡತಿಗೆ ಕೇಳಿಸದಂತೆ ಬಾಲ್ಕನಿಯಿಂದ ನನಗೆ ಫೋನ್ ಮಾಡಿದರು.

"ಮನ್ಯಾಗ ನನ್ನ ಗಾಜಿನ ಸಾಮಾನಿನಂಗ ಎತ್ತಿ ಇಟ್ಟಾರವಾ. ಒಂದು ಬಕೀಟ ನೀರು ಎತ್ತಾಕ ಬಿಡಂಗಿಲ್ಲ. ಒಂದು ಸಲ ನೆಟ್ಟಗ ಸಾಯಾಕರ ಬಿಡು ಅಂತ ನಿಮ್ಮ ಕಾಕೂಗ ನೀನs ಹೇಳು."

ಹೇಳುವುದೇನು ಸಣ್ಣ ಕೆಲಸವೇ? ಬೂದು ಉಣ್ಣೆಯ ಉಂಡೆಗಳನ್ನು ಚೀಲದಲ್ಲಿ ತುಂಬಿಕೊಂಡು ಹೋದೆ. ನಮ್ಮ ಕವಚಗಳನ್ನೆಲ್ಲ ಹೆಣೆದುಕೊಟ್ಟವರು ಅವರ ಹೆಂಡತಿ ಕಾಕುವೇ, ಹಾಗಾಗಿ ನೆಪಕ್ಕೆ ಕೊರತೆ ಇರಲಿಲ್ಲ. ಅವರು ಚಹಾ ಕೊಟ್ಟರು, ಉಣ್ಣೆಯನ್ನು ಮುಟ್ಟಿ ನೋಡಿ ಚಲೋ ಐತಿ ಅಂದರು. ಆಮೇಲೆ ನಾನು ಬಂದ ಕೆಲಸ ಯಾವುದೆಂದು ನೇರವಾಗಿ ಕೇಳಿದರು. ಕಾಕಾ ಪೇಪರಿನ ಹಿಂದೆ ಅಡಗಿದರು. ನಾನು ಸುತ್ತಿ ಬಳಸಿ ವಿಷಯ ಮುಗಿಸುವ ಹೊತ್ತಿಗೆ ಕಾಕುವಿನ ಮುಖ ಗಂಭೀರವಾಗಿತ್ತು.

"ಅಡಗಿಮನಿ ಬಾಗಿಲದಾಗ ಅವರು ಬಿದ್ದದ್ದನ್ನ ಒಮ್ಮೆ ಖರೇನ ನೋಡೇನಿ ತಂಗಿ. ಸುಳ್ಳು ಬಿದ್ರೂ ಇನ್ನೊಮ್ಮೆ ನೋಡಾಕ ನನ್ನ ಕೈಲೆ ಆಗಂಗಿಲ್ಲ."

ಆ ಹೆಂಗಸಿನ ಭಯದ ಮುಂದೆ ನನ್ನ ಉಣ್ಣೆಯ ಚೀಲ ನೋಡಿ ನನಗೇ ನಾಚಿಕೆಯಾಯಿತು.

ಈ ಸಲ ಕಿಲ್ಲೇದಾರನನ್ನು ಉಳಿಸಿಬಿಡೋಣ, ಸೆರೆ ಹಿಡಿದು ಕುರ್ಚಿಯ ಮೇಲೆ ಕೂರಿಸೋಣ ಎಂದು ಅಲ್ಲೇ ಸೂಚಿಸಿದೆ. ಪೇಪರಿನ ಹಿಂದಿನಿಂದ ಕಾಕಾ, ಕುರ್ಚಿಯ ಮೇಲೆ ಕೂರುವುದನ್ನು ಮನೆಯಲ್ಲೇ ಮಾಡುತ್ತಿದ್ದೇನಲ್ಲ ಎಂದರು. ಅವರ ದನಿ ಎಷ್ಟು ಇಳಿದಿತ್ತೆಂದರೆ ಕಾಕು ಕೂಡ ಆ ಕಡೆ ತಿರುಗಿ ನೋಡಿದರು. ಆಮೇಲೆ ಕಾಕುವೇ, ಬಿದ್ದವರು ಏಳುವುದು ಯಾವಾಗ ಎಂದು ಕೇಳಿದರು. ಆಟದ ಕೊನೆಗೆ ನಗಾರಿ ಬಾರಿಸುತ್ತೇವೆ, ಆಗ ಸತ್ತವರೆಲ್ಲ ಎದ್ದು ಕೈಮುಗಿಯುತ್ತಾರೆ ಎಂದೆ. ನಗಾರಿ ಯಾರ ಕೈಯಲ್ಲಿರುತ್ತದೆ ಎಂದರು. ನನ್ನ ಕೈಯಲ್ಲೇ ಎಂದೆ.

"ಹಂಗಾದ್ರ ಈ ಸಲ ಅದು ನನ್ನ ಕೈಯಾಗಿರಲಿ."

ನಾನು ಹಿಂದೆ ಮುಂದೆ ನೋಡದೆ ಒಪ್ಪಿಕೊಂಡೆ. ಎಂಥ ಚತುರೆ ನಾನು ಎಂದು ರೈಲಿನಲ್ಲಿ ಮನೆಗೆ ಬರುವವರೆಗೂ ಹಿಗ್ಗಿದೆ. ಇಳಕಲ್ ಸೀರೆಯುಟ್ಟ ಕಾಕು ನಗಾರಿಯ ಪಕ್ಕ ನಿಂತರೆ ಫೋಟೋ ಚೆನ್ನಾಗಿ ಬರುತ್ತದೆ ಎಂಬ ಲೆಕ್ಕಾಚಾರವೂ ಇತ್ತು.

ಆ ದಿನ ಬೇಗಂಪೇಟೆಯ ಮೈದಾನದಲ್ಲಿ ಮಕ್ಕಳೆಲ್ಲ ಕೂತಿದ್ದರು. ಯುದ್ಧ ಎಂದಿನಂತೆ ಮರಗಳ ಕಡೆ ಸರಿಯಿತು. ಕಾಕಾ ಮಾತ್ರ ಬಾಗಿಲ ಮುಂದೆ ನಿಂತು, ಆ ಕಡೆಯವರ ಏಟನ್ನು ಎದೆಗೆ ತೆಗೆದುಕೊಂಡು, ಮೊದಲು ಒಂದು ಮೊಣಕಾಲೂರಿ, ಮೆಲ್ಲಗೆ ಅಂಗಾತ ಮಲಗಿದರು. ಅವರ ತಲೆ ನೆಲಕ್ಕೆ ತಾಗಿತೋ ಇಲ್ಲವೋ, ನಗಾರಿ ಗುಡುಗಿತು.

ಸತ್ತವರಿಗೆ ಅಷ್ಟೇ ಬೇಕಿತ್ತು. ಎಲ್ಲರೂ ಖುಷಿಯಿಂದ ಎದ್ದು ಬೆನ್ನ ಮಣ್ಣು ಕೊಡವಿಕೊಂಡರು, ಇಬ್ಬರು ನೀರಿನ ಕ್ಯಾನಿನ ಕಡೆ ನಡೆದೇಬಿಟ್ಟರು. ಬಾಗಿಲು ಒಡೆಯಲು ದಿಮ್ಮಿ ಹೊತ್ತು ಓಡುತ್ತಿದ್ದ ಆ ಕಡೆಯವರು, ತಾವು ಕೊಂದವರೆಲ್ಲ ಎದ್ದದ್ದನ್ನು ಕಂಡು ಅರ್ಧದಲ್ಲೇ ನಿಂತರು. ಮಕ್ಕಳು ಶಿಳ್ಳೆ ಹೊಡೆದರು. ಮೈಕ್ ಹಿಡಿದಿದ್ದ ಹುಡುಗಿ ಒಂದು ಗಳಿಗೆ ತಡವರಿಸಿ, ಈ ವೀರರನ್ನು ಸಾವೂ ತಡೆಯಲಾರದು ಎಂದು ತೆಲುಗಿನಲ್ಲಿ ಘೋಷಿಸಿದಳು. ಬ್ಯಾಂಕ್ ಅಧಿಕಾರಿ ತಲೆಯ ಮೇಲೆ ಕೈ ಹೊತ್ತು ಕೂತರು. ನನಗಂತೂ ನಗು ತಡೆಯಲಾಗಲಿಲ್ಲ.

ಆದರೆ ಕಾಕಾ ಏಳಲಿಲ್ಲ.

ಕಾಕು ಮತ್ತೆ ಬಾರಿಸಿದರು, ಇನ್ನೂ ಜೋರಾಗಿ. ಕಾಕಾ ಅಲುಗಾಡಲಿಲ್ಲ. ನನ್ನ ನಗು ಅಲ್ಲಿಗೇ ನಿಂತಿತು. ಕಾಕು ನಗಾರಿಯ ಕೋಲನ್ನು ಬಿಸಾಕಿ, ನಿರಿಗೆ ಎತ್ತಿ ಹಿಡಿದು ಓಡಿದರು. ಆ ಕೋಲನ್ನು ಎತ್ತಿಕೊಂಡು ನಾನೂ ಹಿಂದೆಯೇ ಓಡಿದೆ, ಯಾಕೆ ಎತ್ತಿಕೊಂಡೆನೋ ಗೊತ್ತಿಲ್ಲ. ಎಲ್ಲ ನನ್ನಿಂದಲೇ ಆಯಿತು ಎಂಬುದೊಂದೇ ತಲೆಯಲ್ಲಿತ್ತು.

ಕಾಕು ಪಕ್ಕದಲ್ಲಿ ಕುಸಿದು "ರೀ" ಎಂದರು. ಕಾಕಾ ಕಣ್ಣು ತೆರೆಯಲಿಲ್ಲ, ತುಟಿಯಷ್ಟೇ ಅಲುಗಿತು.

"ಇನ್ನೂ ಬಾಗಿಲಾ ಒಡದಿಲ್ಲ. ಈಗs ಹೆಂಗ ಏಳಲಿ?"

ಕಾಕು ಬಯ್ಯಲು ಬಾಯಿ ತೆರೆದರು, ಬಂದದ್ದು ಅಳು. ಕಣ್ಣನ್ನು ಸೆರಗಿನಲ್ಲಿ ಒರೆಸಿಕೊಂಡು, ಗಂಡನ ಪಕ್ಕದಲ್ಲಿ ಮಣ್ಣಿನ ಮೇಲೆಯೇ ಚಕ್ಕಳಬಕ್ಕಳ ಹಾಕಿ ಕೂತು, ಅವರ ಎದೆಯ ಮೇಲೆ ಅಂಗೈ ಇಟ್ಟರು. ಒಡೆಯುವುದಾದರೆ ಒಡೆಯಲಿ, ತಾನು ಇಲ್ಲಿಂದ ಏಳುವುದಿಲ್ಲ ಎಂದರು. ನಾನು ಆ ಕಡೆಯವರಿಗೆ ಕೈಸನ್ನೆ ಮಾಡಿದೆ. ಅವರು ಮತ್ತೆ ದಿಮ್ಮಿ ಎತ್ತಿಕೊಂಡು ನಮ್ಮನ್ನು ಸುತ್ತುಹಾಕಿ ಹೋಗಿ ಬಾಗಿಲು ಒಡೆದರು, ಬಾವುಟ ಇಳಿಸಿದರು.

ಆಟ ಮುಗಿದಿತ್ತು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ನಾನು ಕೋಲನ್ನು ಕಾಕುವಿನ ಕಡೆ ಚಾಚಿ, ಇನ್ನು ಬಾರಿಸಬಹುದು ಎಂದೆ.

ಅವರು ಗಂಡನ ಎದೆಯ ಮೇಲಿನ ಕೈ ತೆಗೆಯಲಿಲ್ಲ.

"ತಡಿ ತಂಗಿ," ಎಂದರು. "ಇನ್ನೊಂಚೂರು ಹೊತ್ತು ಕೈ ಹಿಂಗs ಇಟ್ಕೋತೀನಿ."