ಗ್ಲೆನಿಸ್ ಬರೆದ ನೊಣ

ಇಂಗ್ಲೆಂಡಿನ ಲಾಂಗ್‌ಟನ್ನಿನ ಬೀದಿದೀಪಗಳು ಇನ್ನೂ ಆರಿಲ್ಲ. ಪಿಂಗಾಣಿ ಕಾರ್ಖಾನೆಯ ಉತ್ತರದ ಕಿಟಕಿಯ ಪಕ್ಕ ಕೂತ ಗ್ಲೆನಿಸ್ ಶೆರಾಟ್ ಹಸಿರು ಪುಡಿಗೆ ಟರ್ಪೆಂಟೈನ್ ಹನಿಸಿ ಅರೆಯುತ್ತಿದ್ದಾರೆ. ಚೀಸ್ ಸುತ್ತಿದ ಓಟ್ಸ್ ದೋಸೆ ಕಾಗದದಲ್ಲೇ ತಣ್ಣಗಾಗುತ್ತಿದೆ. ಬಣ್ಣ ಹದಕ್ಕೆ ಬಂದರೂ ಅವರು ಕುಂಚ ಎತ್ತುವುದಿಲ್ಲ. ಮೊದಲು ಬಿಳಿ ತಟ್ಟೆಯನ್ನು ಬೆಳಕಿಗೆ ಹಿಡಿದು ನಿಧಾನಕ್ಕೆ ತಿರುಗಿಸುತ್ತಾರೆ.

"ಚುಕ್ಕೆ ಹುಡುಕ್ತಿದೀನಿ. ಆವಿಗೇಲಿ ಬೇಯೋವಾಗ ಎಲ್ಲಿಂದಲೋ ಒಂದು ಕಪ್ಪು ಕಣ ಬಂದು ಕೂತಿರತ್ತೆ. ಅದರ ಮೇಲೊಂದು ನೊಣಾನೋ ಗುಲಗಂಜಿ ಹುಳಾನೋ ಬರೆದ್ರೆ ಆಯ್ತು. ಚುಕ್ಕೆ ಇಲ್ದಿದ್ರೆ ಹುಳಾನೂ ಇಲ್ಲ."

ಇನ್ನೂರೈವತ್ತು ವರ್ಷಗಳ ಹಿಂದೆ ಸಿರಿವಂತರ ಊಟದ ಮೇಜಿಗೆಂದು ಹುಟ್ಟಿದ ಹೂಬಳ್ಳಿಯ ಮಾದರಿ ಇದು. ಈ ಉಪಾಯವೂ ಆಗಿನದೇ. ಹದಿನಾರನೇ ವಯಸ್ಸಿನಲ್ಲಿ ತಾಯಿಯ ಪಕ್ಕ ಕೂತು ಗ್ಲೆನಿಸ್ ಕಲಿತರು. ಆಗ ಕೋಣೆಯ ತುಂಬ ಹೆಂಗಸರು, ಹಾಡು, ಚಾಡಿ. ಈಗ ಇಬ್ಬರೇ. ಎದುರಿನ ಮೇಜಿನ ಟಾನ್ಯಾ ಅಚ್ಚಾದ ಹೂಗಳನ್ನು ಹಾಳೆಯಿಂದ ಬಿಡಿಸಿ ತಟ್ಟೆಗೆ ಅಂಟಿಸುತ್ತಾಳೆ.

ಆ ಅಚ್ಚಿಗೆ ಮೂಲ ಗ್ಲೆನಿಸ್ ಬರೆದ ತಟ್ಟೆಯೇ. ಮಾಲೀಕರು ಮಾದರಿ ಕೇಳಿದಾಗ ಅವರು ಕೈಗೆ ಸಿಕ್ಕಿದ್ದನ್ನು ಕೊಟ್ಟುಬಿಟ್ಟರು. ಅದರ ಅಂಚಿನಲ್ಲಿ ಚುಕ್ಕೆ ಮುಚ್ಚಲು ಬರೆದ ನೊಣವೊಂದಿತ್ತು. ಈಗ ಪ್ರತಿ ತಟ್ಟೆಯಲ್ಲೂ ಅದೇ ಜಾಗದಲ್ಲಿ ಅದೇ ನೊಣ, ಅದರ ಕೆಳಗೆ ಏನೂ ಇಲ್ಲ. ನಿಜವಾದ ಚುಕ್ಕೆ ಬೇರೆಲ್ಲೋ ಎದ್ದು ಕಾಣುತ್ತದೆ. ಅಂಥ ತಟ್ಟೆಗಳನ್ನು ಒಡೆದು ಹಾಕುತ್ತಾರೆ.

"ನಿಮ್ಮ ನೊಣ ಮತ್ತೆ ಬಂತು ನೋಡಿ," ಟಾನ್ಯಾ ಕೆಣಕುತ್ತಾಳೆ. "ಹೊಡೆದ್ರೂ ಏಳಲ್ಲ."

"ಥೇಟ್ ನಿನ್ನ ಹಾಗೇ ಕಣೆ, ಕೂತಲ್ಲೇ ಕೂತಿರತ್ತೆ," ಎನ್ನುತ್ತಾರೆ ಗ್ಲೆನಿಸ್. ನಗು ಬೇಗ ಆರುತ್ತದೆ. "ಚೊಕ್ಕ ತಟ್ಟೆ ಹುಡುಕಿ ಕೊಡಬೇಕಿತ್ತು. ನನ್ನ ಹಿಂದೆ ಉಳಿಯೋದು ಅದೊಂದೇ ಅಲ್ವಾ. ಅವಸರ ಮಾಡಿದೆ."

ಕೈಯಿಂದ ಬರೆಯುವ ಕೆಲಸ ಇನ್ನಿಲ್ಲ, ಈ ಶುಕ್ರವಾರ ಗ್ಲೆನಿಸ್ ಅವರ ಮೇಜನ್ನು ತೆಗೆದುಹಾಕುತ್ತಾರೆ. ವಾರಕ್ಕೊಂದು ಬೆಳಗ್ಗೆ ಬಂದು, ಚುಕ್ಕೆ ಬಿದ್ದ ತಟ್ಟೆಗಳಿಗೆ ಹುಳ ಬರೆದು ಉಳಿಸಿಕೊಡುತ್ತೇನೆಂದು ಗ್ಲೆನಿಸ್ ಕೇಳಿದ್ದರು. ಎಲ್ಲವೂ ಒಂದೇ ಥರ ಇರಬೇಕೆಂದು ಮಾಲೀಕರು ಒಪ್ಪಲಿಲ್ಲ.

ಒಡೆಯಲೆಂದು ತೆಗೆದಿಟ್ಟ ರಾಶಿಯಿಂದ ಟಾನ್ಯಾ ಒಂದು ತಟ್ಟೆ ತಂದು ಅವರ ಮುಂದಿಡುತ್ತಾಳೆ. ಅಚ್ಚಿನ ಎಲೆಯೊಂದರ ಪಕ್ಕ ಚುಕ್ಕೆ. ಗ್ಲೆನಿಸ್ ಕುಂಚವನ್ನು ಕೆಂಪಿಗೆ ಅದ್ದುತ್ತಾರೆ. ನೋಡನೋಡುತ್ತ ಗುಲಗಂಜಿ ಹುಳವೊಂದು ಎಲೆಯತ್ತ ಹೊರಟಿದೆ.

"ಇದನ್ನೂ ಆವಿಗೆಗೆ ಸೇರಿಸ್ತೀನಿ, ಯಾರೂ ನೋಡಲ್ಲ," ಎನ್ನುತ್ತಾಳೆ ಟಾನ್ಯಾ.

"ನೋಡ್ಲಿ ಬಿಡೆ," ಗ್ಲೆನಿಸ್ ಕುಂಚ ಒರೆಸುತ್ತಾರೆ. "ಈ ಹುಳಕ್ಕೆ ಕೆಲಸ ಇದೆ."