ಶಿಕೊಕುವಿನ ಬಸ್ಸು, ಪುಚೊಂಗ್‌ನ ತಿದ್ದುಪಡಿ

ಬಸ್ ನಿಲ್ದಾಣದ ಬೆಂಚಿನ ಮೇಲೆ ಟೋಪಿ ಹಾಕಿಕೊಂಡು ಕುಳಿತಿದ್ದ ಮುದುಕನಿಗೆ ನಾನು ತಲೆಬಾಗಿ ನಮಸ್ಕರಿಸಿದೆ. ಅವನು ಮಾತಾಡಲಿಲ್ಲ. ಕಿವಿ ಮಂದವಿರಬೇಕೆಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಸಹೋದ್ಯೋಗಿ ಸ್ವೀ ಲಿನ್ ನನ್ನ ತೋಳು ಹಿಡಿದು, "ಸು, ಅದು ಬೊಂಬೆ ಲಾ," ಎಂದಳು. ಸು ಎಂದರೆ ನಾನು; 'ಲಾ' ಮಲೇಷ್ಯಾದವರು ಮಾತಿನ ಕೊನೆಗೆ ಸೇರಿಸುವ ಬಾಲ.

ಹತ್ತಿರ ಹೋಗಿ ನೋಡಿದರೆ ಕೋಟಿನೊಳಗೆ ಹುಲ್ಲು ತುರುಕಿದ್ದರು. ಮುಖ ಬಿಳಿ ಬಟ್ಟೆಯದು, ಕಣ್ಣು ಎರಡು ಗುಂಡಿ. ಜಪಾನಿನ ಶಿಕೊಕು ದ್ವೀಪದ ಗುಡ್ಡಗಳ ನಡುವಿನ ಆ ಹಳ್ಳಿಯಲ್ಲಿ ಊರು ಬಿಟ್ಟುಹೋದವರ, ತೀರಿಕೊಂಡವರ ಜಾಗದಲ್ಲಿ ಆಳೆತ್ತರದ ಬೊಂಬೆಗಳನ್ನು ಕೂರಿಸುತ್ತಾರೆ. ನಮ್ಮ ಹೊಲಗಳಲ್ಲಿ ಬೆದರುಬೊಂಬೆ ನಿಲ್ಲಿಸುವುದು ಹಕ್ಕಿ ಬರದಿರಲೆಂದು. ಇಲ್ಲಿ ಅವು ಕುಳಿತಿರುವುದು ಊರು ಬರಿದಾಗಿ ಕಾಣದಿರಲೆಂದು.

ಅಂದು ಶುಕ್ರವಾರ, ಜಪಾನಿನಲ್ಲಿ ಸಾರ್ವತ್ರಿಕ ರಜೆ. ನಾವು ಒಂಬತ್ತು ಇಪ್ಪತ್ತರ ಬಸ್ಸಿಗೆ ಕಾಯುತ್ತಿದ್ದೆವು. ಆ ಬಸ್ಸು ಪ್ರತಿದಿನ ಬರುತ್ತದೆ ಎಂದು ನಮ್ಮ ಜಾಲತಾಣದಲ್ಲಿ ಬರೆದವಳು ನಾನೇ. ಬಸ್ಸು ಬರಲಿಲ್ಲ.

ಹುಬ್ಬಳ್ಳಿಯವಳೊಬ್ಬಳು ಮಲೇಷ್ಯಾದಲ್ಲಿ ಕುಳಿತು ಜಪಾನಿನ ಹಳ್ಳಿ ಬಸ್ಸಿನ ಬಗ್ಗೆ ಬರೆಯುವುದು ವಿಚಿತ್ರವಾಗಿ ಕಾಣಬಹುದು. ಅದನ್ನು ಮೊದಲು ವಿವರಿಸುತ್ತೇನೆ.

ಹುಬ್ಬಳ್ಳಿಯ ದಿನಪತ್ರಿಕೆಯೊಂದರಲ್ಲಿ ನಾನು ಹದಿನಾರು ವರ್ಷ ಉಪಸಂಪಾದಕಿಯಾಗಿದ್ದೆ. ಜಿಲ್ಲಾ ಪುಟಗಳು ನನ್ನ ಹೊಣೆ. ಬೆಂಗಳೂರಿನ ಸುದ್ದಿ ಮುಖಪುಟಕ್ಕೆ ಹೋದಮೇಲೆ ಉಳಿದ ಜಾಗದಲ್ಲಿ ನರಗುಂದ, ಶಿಗ್ಗಾವಿ, ರೋಣಗಳನ್ನು ಹೊಂದಿಸುವುದು ನನ್ನ ಕೆಲಸ. ಪತಿ ಮಹೇಶ್‌ಗೆ ಮಲೇಷ್ಯಾದ ಸೈಬರ್‌ಜಯಾದ ಡೇಟಾ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಮಗಳು ಅನಘಾಳನ್ನು ಕರೆದುಕೊಂಡು ನಾವು ಅದರ ಹತ್ತಿರದ ಪುಚೊಂಗ್‌ಗೆ ಬಂದೆವು. ಮನೆ ಹದಿನೇಳನೇ ಮಹಡಿಯಲ್ಲಿ. ಹುಬ್ಬಳ್ಳಿಯಲ್ಲಿ ಬಾಗಿಲು ತೆರೆದರೆ ಓಣಿ ಇರುತ್ತಿತ್ತು, ಇಲ್ಲಿ ಎದುರಿಗೆ ಇನ್ನೊಂದು ಮುಚ್ಚಿದ ಬಾಗಿಲು.

ಮೊದಲ ಆರು ತಿಂಗಳು ನಾನು ಊರನ್ನು ಪುಟದಂತೆ ಓದಿದೆ. ತರಕಾರಿ ಅಂಗಡಿಯಲ್ಲಿ ನುಗ್ಗೆಕಾಯಿಗೆ ತಮಿಳಿನ ಹೆಸರು ಹೇಳಬೇಕು. ರಸ್ತೆಬದಿಯ ಮಾಮಾಕ್ ಎಂಬ ಹೋಟೆಲಿನಲ್ಲಿ ಊಟ ಕಟ್ಟಿಸಿಕೊಳ್ಳುವುದಕ್ಕೆ 'ತಪಾವ್' ಎನ್ನಬೇಕು. ಏನನ್ನಾದರೂ ಆಗುತ್ತದೆಯೇ ಎಂದು ಕೇಳಿದರೆ 'ಕ್ಯಾನ್' ಎಂಬ ಒಂದೇ ಪದದ ಉತ್ತರ. ನಮ್ಮ ಕಡೆ ಅದೇ ಉತ್ತರಕ್ಕೆ 'ನೋಡೋಣ್ರಿ' ಎಂದು ಆರಂಭಿಸಿ ಅರ್ಧ ತಾಸು ಮಾತಾಡುತ್ತೇವೆ. ಇದೆಲ್ಲ ಬೇಗ ಬಂತು. ಬರದೇ ಹೋದದ್ದು ಕೆಲಸ. ಇಲ್ಲಿ ವಾಸಿಸಲು ಕೊಟ್ಟ ನನ್ನ ಪಾಸಿನಲ್ಲಿ 'ಅವಲಂಬಿತೆ' ಎಂದಿತ್ತು, ಅದರ ಮೇಲೆ ಕೆಲಸ ಮಾಡುವಂತಿರಲಿಲ್ಲ. ಮೂರು ವರ್ಷ ನನ್ನ ಹೆಸರು ಎಲ್ಲಿಯೂ ಅಚ್ಚಾಗಲಿಲ್ಲ. ಅನಘಾ ಶಾಲೆಯ ಅರ್ಜಿ ತುಂಬುತ್ತ, "ಅಮ್ಮಾ, ಮದರ್ಸ್ ಆಕ್ಯುಪೇಷನ್‌ನಲ್ಲಿ ಏನು ಹಾಕ್ಲಿ, ನಥಿಂಗ್?" ಎಂದು ಸಹಜವಾಗಿ ಕೇಳಿದ ದಿನ ನಾನು ಅಕ್ಕಿ ತೊಳೆಯಲು ಹೋದೆ.

ಆಮೇಲೆ ಸೈಬರ್‌ಜಯಾದ ಸಣ್ಣ ಪ್ರವಾಸ ಮಾಹಿತಿ ಸಂಸ್ಥೆಯೊಂದರ ಸಂದರ್ಶನಕ್ಕೆ ಕರೆ ಬಂತು. ಅಲ್ಲಿನ ಮುಖ್ಯಸ್ಥೆ ರೊಹಾನಾ ಮಲಯ್ ಮಹಿಳೆ, ಕಡಿಮೆ ಮಾತು.

"ಟೋಕಿಯೊ ಗೊತ್ತಾ?" ಎಂದರು.

"ಇಲ್ಲ."

"ಒಳ್ಳೇದು. ಟೋಕಿಯೊ ಎಲ್ಲರಿಗೂ ಗೊತ್ತು. ನಮಗೆ ಬೇಕಿರೋದು ಟೋಕಿಯೊ ಬಿಟ್ಟು ಉಳಿದದ್ದು. ಹಿಂದೆ ಏನು ಕೆಲಸ ಮಾಡ್ತಿದ್ದೆ?"

"ಬೆಂಗಳೂರು ಬಿಟ್ಟು ಉಳಿದದ್ದು," ಎಂದೆ.

ಅವರು ಮೊದಲ ಬಾರಿ ನಕ್ಕರು. ಕೆಲಸ ಸಿಕ್ಕಿತು, ಪಾಸೂ ಬದಲಾಯಿತು.

ಎರಡು ವರ್ಷಗಳಲ್ಲಿ ನಾನು ಜಪಾನಿಗೆ ಐದು ಸಲ ಹೋದೆ. ಟೋಕಿಯೊವನ್ನು ಇನ್ನೂ ನೋಡಿಲ್ಲ. ಕನಜಾವಾದಲ್ಲಿ ಚಿನ್ನದ ತಗಡು ಬಡಿಯುವ ಮನೆಗಳನ್ನು ನೋಡಿದೆ. ತಕಮತ್ಸುವಿನಲ್ಲಿ ಬೆಳಿಗ್ಗೆ ಏಳಕ್ಕೇ ಜನ ಸಾಲಿನಲ್ಲಿ ನಿಂತು ಉಡೋನ್ ಎಂಬ ದಪ್ಪ ಶ್ಯಾವಿಗೆಯನ್ನು ತಾವೇ ಬಿಸಿನೀರಿಗೆ ಅದ್ದಿಕೊಂಡು ತಿನ್ನುವುದನ್ನು ನೋಡಿದೆ. ಮತ್ಸುಯಾಮಾದಲ್ಲಿ ಟ್ರಾಮ್ ಹತ್ತಿ ಬಿಸಿನೀರಿನ ಬುಗ್ಗೆಗೆ ಹೋದೆ. ಈ ಊರುಗಳಿಗೆಲ್ಲ ಒಂದು ಸಾಮಾನ್ಯ ಗುಣ ಇದೆ: ರಾಜಧಾನಿಯ ಹೆಸರೆತ್ತಿದರೆ ಜನರ ಮುಖ ಸ್ವಲ್ಪ ಬಿಗಿಯುತ್ತದೆ, ತಮ್ಮೂರಿನ ತಿಂಡಿಯ ಹೆಸರೆತ್ತಿದರೆ ಸಡಿಲವಾಗುತ್ತದೆ. ಧಾರವಾಡದಲ್ಲೂ ಅಷ್ಟೆ. ಇಲ್ಲಿನ ಇಪೊಹ್‌ನಲ್ಲೂ ಅಷ್ಟೆ, ಅಲ್ಲಿ ಬಿಳಿ ಕಾಫಿಯ ಬಗ್ಗೆ ಕ್ವಾಲಾಲಂಪುರದವರು ಬಾಯಿ ತೆರೆಯುವಂತಿಲ್ಲ. ಎರಡನೇ ಸಾಲಿನ ಊರನ್ನು ನೋಡುವ ಕಣ್ಣು ನನಗೆ ಜಿಲ್ಲಾ ಪುಟ ಕೊಟ್ಟದ್ದು. ರೊಹಾನಾ ಅದನ್ನು ಗುರುತಿಸಿದರು. ಈ ವರ್ಷ ಅಚ್ಚಾಗುವ ಕೈಪಿಡಿಯಲ್ಲಿ ಶಿಕೊಕು ಭಾಗವನ್ನು ಪೂರ್ತಿ ನನಗೆ ಒಪ್ಪಿಸಿ, "ಭಾಗದ ಮೊದಲ ಪುಟದಲ್ಲಿ ನಿನ್ನ ಹೆಸರು ಬರುತ್ತೆ," ಎಂದರು. ಮನೆಗೆ ಬಂದು ಮಹೇಶ್‌ಗೆ ಹೇಳಿದೆ. ಅವರು ಮಾಮಾಕ್‌ನಿಂದ ರೋಟಿ ತಪಾವ್ ತಂದರು. ಅದೇ ನಮ್ಮ ಹಬ್ಬ.

ಅಚ್ಚಿಗೆ ಹೋಗುವ ಮೊದಲು ಪುಟಗಳು ಜಾಲತಾಣದಲ್ಲಿ ಸಂಸ್ಥೆಯ ಹೆಸರಿನಲ್ಲಿ ಬರುತ್ತವೆ. ಬೊಂಬೆಗಳ ಹಳ್ಳಿಯ ಬಸ್ಸಿನ ಮಾಹಿತಿ ಸೇರಿಸುವಾಗ ವೇಳಾಪಟ್ಟಿಯಲ್ಲಿ ಎರಡು ಕಾಲಂಗಳಿದ್ದವು. ಒಂದು ಸೋಮವಾರದಿಂದ ಶುಕ್ರವಾರದವರೆಗಿನದು, ಒಂಬತ್ತು ಇಪ್ಪತ್ತು ಎಂದು ಬರೆದಿತ್ತು. ಇನ್ನೊಂದು ಶನಿವಾರ, ಭಾನುವಾರ ಮತ್ತು ರಜೆಯದ್ದು. ಅದು ಖಾಲಿ.

ಹದಿನಾರು ವರ್ಷ ಪುಟ ಕಟ್ಟಿದವರಿಗೆ ಖಾಲಿ ಕಾಲಂ ಎಂದರೆ ಒಂದೇ ಅರ್ಥ: ಯಾರೋ ತುಂಬುವುದನ್ನು ಮರೆತಿದ್ದಾರೆ. ಅಚ್ಚಿನ ತಪ್ಪು. ಅದರ ಮೇಲೆ ಇನ್ನೊಂದು ನಂಬಿಕೆ ಕೂಡಿಕೊಂಡಿತು. ನಮ್ಮಲ್ಲಿ ಹಬ್ಬ ಬಂದರೆ ಬಸ್ಸು ಹೆಚ್ಚು ಬಿಡುತ್ತಾರೆ. ಮಲೇಷ್ಯಾದಲ್ಲೂ ಹಬ್ಬಕ್ಕೆ ಜನ ಹುಟ್ಟೂರಿಗೆ ಮರಳುವ 'ಬಾಲಿಕ್ ಕಂಪುಂಗ್' ದಿನಗಳಲ್ಲಿ ಬಸ್ಸುಗಳ ಸಂಖ್ಯೆ ಏರುತ್ತದೆ. ರಜೆಯ ದಿನ ಬಸ್ಸೇ ಇಲ್ಲದಿರುವ ಊರು ನನ್ನ ಕಲ್ಪನೆಗೆ ಬರಲಿಲ್ಲ. ಎರಡು ಕಡೆ ಕೇಳದೆ ಏನನ್ನೂ ಅಚ್ಚಿಗೆ ಕೊಡಬಾರದೆಂದು ಕಿರಿಯರಿಗೆ ಪಾಠ ಹೇಳಿದವಳು ಒಂದು ಕಡೆಯೂ ಕೇಳಲಿಲ್ಲ. 'ಪ್ರತಿದಿನ' ಎಂದು ಬರೆದೆ.

ಕೊನೆಯ ಪರಿಶೀಲನೆಗೆ ನಾನು ಮತ್ತು ಸ್ವೀ ಲಿನ್ ಹೋದದ್ದು ಮೂರು ವಾರಗಳ ನಂತರ. ಅವಳು ಪಿನಾಂಗ್‌ನ ಚೀನೀ ಮನೆತನದ ಹುಡುಗಿ, ಜಪಾನಿನಲ್ಲಿ ಓದಿ ಭಾಷೆ ಕಲಿತವಳು. ಗುರುವಾರದ ಬಸ್ಸಿನಲ್ಲಿ ಹಳ್ಳಿ ತಲುಪಿ ಒಂದು ರಾತ್ರಿ ತಂಗಿ, ಶುಕ್ರವಾರ ಬೆಳಿಗ್ಗೆ ಬೊಂಬೆಯ ಪಕ್ಕ ಕುಳಿತೆವು. ಒಂಬತ್ತೂವರೆಗೆ ಹಳ್ಳಿಯ ಇನ್ನೊಂದು ವಸತಿಗೃಹದಿಂದ ಇಬ್ಬರು ಪೆಟ್ಟಿಗೆ ಎಳೆದುಕೊಂಡು ಬಂದರು. ಮಲಯ್ ದಂಪತಿ. ಗಂಡ ಇಪೊಹ್‌ನ ನಿವೃತ್ತ ಶಿಕ್ಷಕರು. ಅಲ್ಲಿ ಶಿಕ್ಷಕರನ್ನು 'ಚಿಕ್ಗು' ಎನ್ನುತ್ತಾರೆ, ನಿವೃತ್ತರಾದರೂ ಆ ಹೆಸರು ಹೋಗುವುದಿಲ್ಲ. ಹೆಂಡತಿಗೆ ಮಂಡಿನೋವು. ಆ ಸಂಜೆ ಮತ್ಸುಯಾಮಾದ ಬಿಸಿನೀರಿನ ಬುಗ್ಗೆಯಲ್ಲಿ ಕಾಲು ಇಳಿಬಿಡಬೇಕೆಂಬ ಒಂದೇ ಆಸೆಯಿಂದ ಆಕೆ ಅಷ್ಟು ದೂರ ಬಂದಿದ್ದರು. ಅದಕ್ಕೆ ಹನ್ನೊಂದು ಗಂಟೆಯ ರೈಲು ಹಿಡಿಯಬೇಕಿತ್ತು.

"ಹೋಗಿಬಿಡ್ತಾ ಬಸ್ಸು?" ಎಂದು ಆಕೆ ಗಾಬರಿಯಿಂದ ಕೇಳಿದರು.

"ಬಂದೇ ಇಲ್ಲ ಆಂಟಿ," ಎಂದಳು ಸ್ವೀ ಲಿನ್.

ಚಿಕ್ಗು ಫೋನು ತೆಗೆದು ಎತ್ತಿ ಹಿಡಿದರು. "ಇಲ್ಲಿ ಪ್ರತಿದಿನ ಅಂತ ಹಾಕಿದ್ದಾರೆ ಲಾ. ಓದಿ ನೋಡು."

ಅದು ನನ್ನ ಪುಟ. ಸ್ವೀ ಲಿನ್ ನನ್ನ ಕಡೆ ನೋಡಲಿಲ್ಲ, ಬೂಟಿನ ತುದಿಯಿಂದ ನನ್ನ ಕಾಲನ್ನು ಮೆಲ್ಲಗೆ ಒತ್ತಿದಳು. ಸುಮ್ಮನಿರು ಎಂದು.

ಅಷ್ಟರಲ್ಲಿ ಹಳ್ಳಿಯ ಹೆಂಗಸೊಬ್ಬಳು ಬೊಂಬೆಯ ಕೋಟು ಬದಲಿಸಲು ಬಂದಳು. ನಾಲ್ವರು ಜೀವಂತರು ಸಾಲಾಗಿ ಕುಳಿತದ್ದನ್ನು ಕಂಡು ಅವಳಿಗೆ ನಗು ತಡೆಯಲಿಲ್ಲ. ಸ್ವೀ ಲಿನ್ ಅನುವಾದಿಸಿದಳು: "ಇವತ್ತು ಶಾಲೆ ಇಲ್ಲ, ಬಸ್ಸಿಗೆ ಇಲ್ಲೇನು ಕೆಲಸ ಅಂತಿದ್ದಾರೆ. ಕೆಳಗಿನ ಹಳ್ಳಿಯ ಇಬ್ಬರು ಮಕ್ಕಳು ಓದೋಕೆ ಹೋಗ್ತಾರಂತೆ. ಬಸ್ಸು ಓಡೋದು ಅವರಿಗಾಗಿ, ಅವರನ್ನು ಶಾಲೆಗೆ ಬಿಟ್ಟು ಇಲ್ಲಿವರೆಗೆ ಬರುತ್ತಂತೆ."

ಕಾಲಂ ಖಾಲಿ ಇದ್ದದ್ದು ಸರಿಯಾಗಿಯೇ ಇತ್ತು.

"ಚಿಕ್ಗು, ಅದನ್ನು ಬರೆದವಳು ನಾನು," ಎಂದೆ. "ಪಟ್ಟಿಯಲ್ಲಿ ಜಾಗ ಖಾಲಿ ಇತ್ತು. ನಾನೇ ತುಂಬಿದೆ. ಕ್ಷಮಿಸಿ."

ಅವರು ಕನ್ನಡಕ ತೆಗೆದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಪುವಾನ್," ಎಂದು ಮೇಡಂ ಎನ್ನುವ ಮಲಯ್ ಪದದಿಂದ ಶುರು ಮಾಡಿದರು. "ನನ್ನ ತರಗತಿಯಲ್ಲಿ ಉತ್ತರದ ಜಾಗ ಖಾಲಿ ಬಿಟ್ಟವನಿಗೆ ಸೊನ್ನೆ ಕೊಡ್ತಿದ್ದೆ. ಗೊತ್ತಿಲ್ಲದೆ ತುಂಬಿದವನ ಅಪ್ಪನನ್ನು ಕರೆಸ್ತಿದ್ದೆ."

"ಸಾಕು ಬಿಡಿ," ಎಂದರು ಹೆಂಡತಿ. "ಇವಳ ಅಪ್ಪ ಇಲ್ಲಿಗೆ ಹೇಗೆ ಬರ್ತಾನೆ, ಬಸ್ಸೇ ಇಲ್ಲ."

ಹಳ್ಳಿಯ ಹೆಂಗಸು ಕೆಳಗಿನ ಪಟ್ಟಣಕ್ಕೆ ಫೋನು ಮಾಡಿ ಟ್ಯಾಕ್ಸಿ ಕರೆಸಿದಳು. ಅದು ಬರಲು ಒಂದೂವರೆ ತಾಸು ಹಿಡಿಯಿತು. ಅಷ್ಟರಲ್ಲಿ ಬೇಯಿಸಿದ ಆಲೂಗಡ್ಡೆ, ಉಪ್ಪು, ಚಹಾ ತಂದಿಟ್ಟಳು. ದಂಪತಿಗೆ ಹಲಾಲ್ ಆಗಬೇಕು, ನನಗೆ ಸಸ್ಯಾಹಾರ. ಆಲೂಗಡ್ಡೆಗೆ ಯಾರ ಆಕ್ಷೇಪಣೆಯೂ ಇರಲಿಲ್ಲ. ಹನ್ನೊಂದರ ರೈಲು ತಪ್ಪಿತು, ಆ ದಿನದ ಬುಗ್ಗೆಯೂ ತಪ್ಪಿತು. ಮರುದಿನ ಅವರು ಊರಿಗೆ ಮರಳಬೇಕಿತ್ತು. ಟ್ಯಾಕ್ಸಿಯಲ್ಲಿ ಚಿಕ್ಗು ಅವರ ಹೆಂಡತಿ ನನ್ನ ಪಕ್ಕದಲ್ಲೇ ಕುಳಿತು ಇಡೀ ದಾರಿ ಮಂಡಿ ಒತ್ತಿಕೊಂಡರು. ಬೈಯಲಿಲ್ಲ.

ಸೋಮವಾರ ಕಚೇರಿಯಲ್ಲಿ ರೊಹಾನಾ ಎದುರು ಎಲ್ಲವನ್ನೂ ಹೇಳಿದೆ. ಜಾಲತಾಣದ ಪುಟದಲ್ಲಿ ತಿದ್ದುಪಡಿ ಹಾಕಬೇಕು, ನನ್ನ ಹೆಸರಿನ ಸಮೇತ, ಎಂದೆ.

"ತಿದ್ದಿಬಿಡು, ಮುಂದೆ ಹೋಗು. ಯಾರು ನೋಡಿದ್ದಾರೆ ಲಾ?"

"ಇಬ್ಬರು ನೋಡಿದ್ದಾರೆ."

"ಸು, ಕೈಪಿಡಿಗೆ ನೆರವು ಕೊಡೋರು ಇದನ್ನು ಓದ್ತಾರೆ. 'ತಪ್ಪು ನನ್ನದು' ಅಂತ ಜಾಲತಾಣದಲ್ಲಿ ಬರೆದವಳ ಹೆಸರನ್ನೇ ಅಚ್ಚಿನ ಮೊದಲ ಪುಟಕ್ಕೂ ಹಾಕು ಅಂದ್ರೆ ಒಪ್ಪಲ್ಲ. ಸುಮ್ಮನೆ ತಿದ್ದಿದರೆ ಹೆಸರು ಉಳಿಯುತ್ತೆ. ತಿದ್ದುಪಡಿ ಹಾಕಿದರೆ ಆ ಭಾಗ ಹೆಸರಿಲ್ಲದೆ ಹೋಗುತ್ತೆ. ಪುಟಗಳು ಮುಂದಿನ ವಾರ ಅಚ್ಚಿಗೆ. ನೀನೇ ಹೇಳು."

ಅವರ ಮಾತಿನಲ್ಲಿ ಬೆದರಿಕೆ ಇರಲಿಲ್ಲ. ಇಲ್ಲಿನ ನಡವಳಿಕೆಯಲ್ಲಿ ಮುಖ ಉಳಿಸುವುದು, ಅಂದರೆ ನಾಲ್ವರ ಮುಂದೆ ಮರ್ಯಾದೆ ಹೋಗದಂತೆ ನೋಡಿಕೊಳ್ಳುವುದು, ಒಂದು ದಯೆ. ನಮ್ಮ ಸುದ್ದಿಮನೆಯಲ್ಲಿ ತಿದ್ದುಪಡಿಗೆ ಗೊತ್ತಾದ ಜಾಗವಿತ್ತು, ಅದನ್ನು ಹಾಕಲು ಯಾರನ್ನೂ ಕೇಳಬೇಕಿರಲಿಲ್ಲ. ಎರಡೂ ಪದ್ಧತಿ ನನಗೆ ಅರ್ಥವಾಗುತ್ತಿತ್ತು. ಕಷ್ಟ ಇದ್ದದ್ದು ಅಲ್ಲೇ.

ಸಂಜೆ ಮಹೇಶ್ ಕೇಳಿದರು: "ಹೆಸರಿನ ಸಲುವಾಗಿ ಇಷ್ಟ ವರ್ಷ ಕಾದಿ. ಈಗ ಬ್ಯಾಡ ಅಂತಿ ಏನು?"

"ಬೇಕು. ಆದ್ರ ಆ ಹೆಣ್ಮಗಳ ಮಾರಿ ಕಣ್ಣ ಮುಂದ ಬರ್ತದ. ಮಂಡಿ ಒತ್ಕೊಂತ ಕುಂತಿದ್ಳು."

"ಹಂಗಾರ ಕೇಳೂದೇನದ, ಹಾಕಿ ಬಿಡು. ಆಮ್ಯಾಲ ನನ್ನ ಮುಂದ ಅಳಬ್ಯಾಡ ಮತ್ತ."

"ನಾ ಯಾವಾಗ ಅತ್ತೇನಿ?"

"ಅಕ್ಕಿ ತೊಳಿಯೂ ಮುಂದ," ಎಂದರು. ಅವರಿಗೆ ಗೊತ್ತಿತ್ತು.

ಮರುದಿನ ಮೂರು ಸಾಲು ಬರೆದೆ. ಬಸ್ಸು ಪ್ರತಿದಿನ ಬರುತ್ತದೆ ಎಂದು ಇಲ್ಲಿ ಬರೆಯಲಾಗಿತ್ತು. ಶಾಲೆ ಇರುವ ದಿನಗಳಲ್ಲಿ ಮಾತ್ರ ಬರುತ್ತದೆ. ವಿಚಾರಿಸದೆ ಬರೆದ ತಪ್ಪು ನನ್ನದು. ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ. ರೊಹಾನಾ ಎರಡು ಸಲ ಓದಿದರು. "ಪುಟದ ಕೆಳಗೆ ಬೇಡ. ಮೇಲೆ ಹಾಕು. ಕಾಣಬೇಕಲ್ಲ," ಎಂದು ಎದ್ದುಹೋದರು.

ಕೈಪಿಡಿ ಅಚ್ಚಾಗಿ ಬಂತು. ಶಿಕೊಕು ಭಾಗದ ಮೊದಲ ಪುಟದಲ್ಲಿ ಹೆಸರಿರಬೇಕಾದ ಜಾಗ ಬಿಳಿಯಾಗಿದೆ. ಒಳಗಿನ ಮೂವತ್ತಾರು ಪುಟಗಳಲ್ಲಿ ಈಗ ತಪ್ಪಿಲ್ಲ ಎಂದು ನಾನು ಹೇಳಬಲ್ಲೆ, ಪ್ರತಿ ಬಸ್ಸಿಗೂ ಎರಡು ಕಡೆ ಕೇಳಿದ್ದೇನೆ. ಇಪೊಹ್‌ನಿಂದ ಚಿಕ್ಗು ಒಂದು ಸಾಲಿನ ಪತ್ರ ಕಳಿಸಿದರು: "ತಿದ್ದುಪಡಿ ಓದಿದೆ. ಅಪ್ಪನನ್ನು ಕರೆಸುವ ಅಗತ್ಯ ಇಲ್ಲ." ಅವರ ಹೆಂಡತಿಯ ಮಂಡಿಯ ಬಗ್ಗೆ ವಿಚಾರಿಸಿ ಮರುಪತ್ರ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ.

ಎರಡು ತಿಂಗಳ ಬಳಿಕ ಸ್ವೀ ಲಿನ್ ತನ್ನ ಉತ್ತರ ಜಪಾನಿನ ಪುಟಗಳಲ್ಲಿ ಎರಡು ತಪ್ಪು ಹುಡುಕಿಕೊಂಡು, ನನ್ನ ಮೂರು ಸಾಲಿನ ಮಾದರಿಯನ್ನು ಕೇಳಿ ಪಡೆದಳು. ಆಮೇಲೆ ಇನ್ನಿಬ್ಬರು ಕೇಳಿದರು. ಈಗ ಕಚೇರಿಯಲ್ಲಿ ಆ ಚೌಕಟ್ಟಿಗೆ 'ಹುಬ್ಬಳ್ಳಿ' ಎಂದೇ ಹೆಸರು ಬಿದ್ದಿದೆ. "ನಿನ್ನ ಅಕಿತಾ ಪುಟಕ್ಕೆ ಒಂದು ಹುಬ್ಬಳ್ಳಿ ಬೇಕು ಲಾ," ಎಂದು ರೊಹಾನಾ ತಮ್ಮ ಕೋಣೆಯ ಗಾಜಿನ ಆಚೆಯಿಂದ ಕೂಗುವುದು ಕೇಳುತ್ತದೆ. ಅದು ಭೂಪಟದಲ್ಲಿ ಎಲ್ಲಿದೆ ಎಂದು ಅಲ್ಲಿ ಯಾರಿಗೂ ತಿಳಿಯದು. ಅದರ ಅರ್ಥ ಮಾತ್ರ ಎಲ್ಲರಿಗೂ ತಿಳಿದಿದೆ. ಹದಿನಾರು ವರ್ಷದ ಕೆಲಸದಿಂದ ಒಂದು ಊರಿಗೆ ಇದಕ್ಕಿಂತ ದೊಡ್ಡ ಗೌರವ ತಂದುಕೊಟ್ಟ ನೆನಪು ನನಗಿಲ್ಲ.

ದೀಪಾವಳಿಗೆ ಊರಿಗೆ ಹೋಗಿದ್ದೆ. ಅಣ್ಣಿಗೇರಿಯ ತಂಗಿಯ ಮನೆಗೆ ಹೊರಟು ಹುಬ್ಬಳ್ಳಿ ನಿಲ್ದಾಣದಲ್ಲಿ ವಿಚಾರಣೆಯ ಕಿಟಕಿಯಲ್ಲಿ ಕೇಳಿದೆ: ಇವತ್ತು ರಜೆ, ಬಸ್ಸು ಇದೆಯೇ? ಇದೆ ಎಂದರು. ಬಸ್ಸಿನ ಬಳಿ ಹೋಗಿ ಕಂಡಕ್ಟರನನ್ನೂ ಅದನ್ನೇ ಕೇಳಿದೆ. ಬಸ್ಸು ಅವನ ಬೆನ್ನ ಹಿಂದೆಯೇ ನಿಂತಿತ್ತು, ಬಾಗಿಲಲ್ಲಿ ಜನ ಜೋತಾಡುತ್ತಿದ್ದರು.

"ಹಬ್ಬದಾಗ ಬಸ್ ಇರೂದಿಲ್ಲೇನ್ರಿ ಅಕ್ಕಾರ?" ಎಂದು ಅವನು ನಕ್ಕ. "ಯಾ ಊರ್ರಿ ನಿಮ್ದು?"

ನಾನು ಉತ್ತರ ಹೊಂದಿಸುವಷ್ಟರಲ್ಲಿ ಅವನು ಬಸ್ಸು ಹತ್ತಿ, ಟಿಕೆಟ್ ಕೊಡುತ್ತ ಒಳಗೆ ಹೋಗಿದ್ದ.