ಹಿಂದಿನ ಗಲ್ಲಿಯ ಗಾಜು

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಹಿಂದೆ, ನೀರಿನ ಪಂಪಿನ ಪಕ್ಕದಲ್ಲಿ ನಾನು ನಿಂತಿದ್ದೆ. ಎರಡು ಬಿಲ್ಡಿಂಗುಗಳ ನಡುವಿನ ಕಿರಿದಾದ ಗಲ್ಲಿ ಶುರುವಾಗುವುದು ಅಲ್ಲಿಂದಲೇ. ನಮ್ಮೆಲ್ಲರ ಅಡುಗೆಮನೆಯ ಕಿಟಕಿಗಳು ಅದರ ಮೇಲೆ ತೆರೆಯುತ್ತವೆ. ಬೇಡವಾದದ್ದನ್ನು ಕೈ ಚಾಚಿ ಬಿಟ್ಟರಾಯಿತು. ನನ್ನ ಹಿಂದೆ ನಾನು ನಡೆಸುವ ಭಾನುವಾರದ ಕನ್ನಡ ಕ್ಲಾಸಿನ ಮಕ್ಕಳಿದ್ದರು.

ಗಲ್ಲಿ ಗುಡಿಸುವ ಕಲಬುರಗಿ ಕಡೆಯ ಅಕ್ಕ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಗಾಜಿನ ಚೂರು ಚಪ್ಪಲಿ ದಾಟಿ ಪಾದಕ್ಕೆ ಹೊಕ್ಕಿತ್ತು. ಕೂರಿಸಿ ಕರವಸ್ತ್ರ ಕಟ್ಟಿದೆ. ಎರಡು ಸಲ ಗಂಟು ತಪ್ಪಿತು.

"ನೀವ್ಯಾಕ ಗಾಬರಿ ಆಗತೀರಿ ಸರ? ಚುಚ್ಚಿದ್ದು ನನಗ," ಎಂದಳು.

ಸೊಸೈಟಿಯ ಸೆಕ್ರೆಟರಿ ಇಳಿದು ಬಂದರು. ಉಡುಪಿಯವರು. "ಇದು ಆ ಹೋಟೆಲಿನವರದ್ದೇ ಕೆಲಸ. ನಾಳೆಯೇ ಖೋಲಿ ಖಾಲಿ ಮಾಡಿಸ್ತೇನೆ." ನೆಲಮಾಳಿಗೆಯ ಒಂದೇ ಕೋಣೆಯ ಖೋಲಿಯಲ್ಲಿ ಹೋಟೆಲಿನ ವೇಟರುಗಳಿರುತ್ತಾರೆ. ಅವರಲ್ಲಿ ಹಿರಿಯರು ಬಾಗಿಲಲ್ಲಿ ನಿಂತಿದ್ದರು. "ನಾವಲ್ಲ ಅಣ್ಣ," ಎಂದಷ್ಟೇ ಹೇಳಿದರು.

ಅಕ್ಕನನ್ನು ದವಾಖಾನೆಗೆ ಕಳಿಸಿ ಕ್ಲಾಸಿಗೆ ಹೋದೆ. ಪುಸ್ತಕ ತೆರೆಯಲಿಲ್ಲ.

"ಗಾಜು ಯಾರದು?"

"ನಮ್ದಲ್ಲ ಸರ್." "ನಮ್ದೂ ಅಲ್ಲ."

ಪ್ರಶ್ನೆ ಬದಲಿಸಿದೆ. "ಅಲ್ಲಿಗೆ ಯಾವತ್ತೂ ಏನನ್ನೂ ಎಸೆಯದ ಮನೆ ಯಾರದು?"

ಮೂರನೇ ಮಹಡಿಯ ಹುಡುಗಿ ತಡವರಿಸಿದಳು, "ಸರ್, ಮಮ್ಮಿ ಡೈಲಿ... ಔರ್ ಮೈಂ ಭೀ... ನಾನೂ."

"ಅರೆ, ಇವಳ ಚಿಪ್ಸ್ ಪ್ಯಾಕೆಟ್ ನಮ್ಮ ಕಿಟಕಿಗೇ ಬಂದು ಕೂರುತ್ತೆ!" ಎಂದು ಎರಡನೇ ಮಹಡಿಯ ಹುಡುಗ ಕೂಗಿದ.

ನಗುವಿನ ನಡುವೆ, ನಾವೂ ಎಸೆಯುತ್ತೇವೆಂದು ಒಪ್ಪಿ, ಒಂದೊಂದೇ ಕೈ ಮೇಲೆದ್ದಿತು. "ಸರ್, ನೀವು?" ನನ್ನ ಚಹಾ ಚರಟವೂ ಅಲ್ಲಿಗೇ ಹೋಗುತ್ತದೆ. ನಾನೂ ಎತ್ತಿದೆ.

"ಗಾಜು ಎಸೆದವರು ಒಬ್ಬರೇ ಇರಬಹುದು. ಅದನ್ನು ಎಸೆಯುವ ಜಾಗ ಮಾಡಿದವರು ನಾವೆಲ್ಲ," ಎಂದೆ.

ಮಕ್ಕಳು ಅಷ್ಟಕ್ಕೇ ಬಿಡಲಿಲ್ಲ. ನೇರವಾಗಿ ಸೆಕ್ರೆಟರಿಯ ಬಾಗಿಲಿಗೆ ಹೋದರು; ನಾನೂ ಹಿಂದೆಯೇ ಹೋದೆ. ಮೂರನೇ ಮಹಡಿಯ ಹುಡುಗಿಯೇ ಮಾತು ತೆಗೆದಳು. "ಅಂಕಲ್, ಗಲ್ಲಿಯ ಕಚರಾ ನಮ್ದೂ ಇದೆ. ಖೋಲಿಯವರನ್ನ ತೆಗೆದ್ರೆ ನಮ್ಮನ್ನೂ ತೆಗೀಬೇಕು."

"ಎಂತ ಮಾರಾಯ್ತಿ, ಇಡೀ ಬಿಲ್ಡಿಂಗ್ ಖಾಲಿ ಮಾಡಿಸುದಾ?"

ಒಳಗಿನಿಂದ ಅವರ ಹೆಂಡತಿ ಕೇಳಿದರು, "ಮೊನ್ನೆ ಉಪ್ಪಿನಕಾಯಿ ಬಾಟಲಿ ಒಡೆದಾಗ ಚೂರು ಎಲ್ಲಿಗೆ ಹಾಕಿದ್ರಿ? ಮಕ್ಕಳಿಗೆ ಹೇಳಿ."

ಸೆಕ್ರೆಟರಿ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದರು. ಖೋಲಿ ಖಾಲಿ ಮಾಡಿಸುವ ಮಾತನ್ನು ಮತ್ತೆ ಎತ್ತಲಿಲ್ಲ.

ನಂಬದಿದ್ದರೆ ಕೇಳಿ, ಅಂದು ಕಂಡವರೆಲ್ಲ ಈಗಲೂ ಇಲ್ಲೇ ಇದ್ದಾರೆ. ಅಕ್ಕನ ಗಾಯ ಮಾಗಿದೆ. ಈಗ ಬೂಟು ಹಾಕಿಕೊಂಡು ಗುಡಿಸುತ್ತಾಳೆ. ಹಿರಿಯ ವೇಟರ್ ಅದೇ ಖೋಲಿಯಲ್ಲಿದ್ದಾರೆ. ಮೂರನೇ ಮಹಡಿಯ ಹುಡುಗಿ ಈಗಲೂ ಕ್ಲಾಸಿಗೆ ಬರುತ್ತಾಳೆ. ಸೆಕ್ರೆಟರಿಯ ಹೆಂಡತಿಯೂ ಇದ್ದಾರೆ. ಅವರನ್ನು ಕೇಳುವುದಾದರೆ ಗಂಡ ಮನೆಯಲ್ಲಿಲ್ಲದಾಗ ಕೇಳಬೇಕು.